ಮಗು ತಾನಾಗಿ ಹೇಳುವ ಮನೆ



ಮುಂಬಯಿ, ಪುಣೆ, ಹೈದರಾಬಾದ್, ದೆಹಲಿಗಳಲ್ಲಿ ನೆಲೆಸಿರುವ ಕನ್ನಡ ಸಮಾಜಗಳಲ್ಲಿ ಪ್ರತಿಭಾ ಪುರಸ್ಕಾರವೆಂಬುದು ಒಂದು ವಾರ್ಷಿಕ ಉತ್ಸವ. ಹೆಚ್ಚು ಅಂಕ ಪಡೆದ ಮಕ್ಕಳು ವೇದಿಕೆಗೆ ಬರುತ್ತಾರೆ. ಶಾಲು, ಸ್ಮರಣಿಕೆ, ಚಪ್ಪಾಳೆ, ಛಾಯಾಚಿತ್ರ. ಅದು ಸಂತೋಷದ ಸಂಗತಿಯೇ. ಆದರೆ ಅದೇ ಸಭಾಂಗಣದ ಕೊನೆಯ ಸಾಲಿನಲ್ಲಿ ಶೇಕಡಾ 58 ಅಂಕ ಪಡೆದ ಮಗುವೊಂದು ತಲೆತಗ್ಗಿಸಿ ಕುಳಿತಿರುತ್ತದೆ. ಆ ರಾತ್ರಿ ಮನೆಗೆ ಮರಳಿದ ಮೇಲೆ ಆ ಮಗು ತನ್ನ ಮನಸ್ಸಿನಲ್ಲಿರುವುದನ್ನು ಯಾರ ಮುಂದೆ ಹೇಳಿಕೊಳ್ಳುತ್ತದೆ? ಇಂದಿನ ಮಾತೆಲ್ಲ ಈ ಒಂದು ಪ್ರಶ್ನೆಯನ್ನು ಕುರಿತದ್ದು.

ಹದಿಹರೆಯದವರಿಗೆ ತಿಳಿವಳಿಕೆ ಇಲ್ಲ, ಆದ್ದರಿಂದಲೇ ಅಪಾಯಕ್ಕೆ ಕೈಹಾಕುತ್ತಾರೆ ಎಂಬುದು ಹಿರಿಯರ ಸಾಮಾನ್ಯ ನಂಬಿಕೆ. ಸಂಶೋಧಕರು ಕಂಡದ್ದು ಬೇರೆ. ಅಮೆರಿಕದ ಮನೋವಿಜ್ಞಾನಿಗಳಾದ ಮಾರ್ಗೋ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 306 ಮಂದಿಗೆ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟವೊಂದನ್ನು ಕೊಡಲಾಗಿತ್ತು. ಹಳದಿ ದೀಪ ಬಂದ ಮೇಲೆ ಇನ್ನೂ ಎಷ್ಟು ದೂರ ಮುಂದುವರಿಯುವ ಧೈರ್ಯ ಮಾಡುತ್ತಾರೆ ಎಂಬುದೇ ಪರೀಕ್ಷೆ. ಗೆಳೆಯರು ಪಕ್ಕದಲ್ಲಿದ್ದಾಗ ಎಲ್ಲರೂ ಹೆಚ್ಚು ಅಪಾಯಕ್ಕೆ ಒಡ್ಡಿಕೊಂಡರು. ಆದರೆ ಈ ಏರಿಕೆ ವಯಸ್ಕರಿಗಿಂತ 13ರಿಂದ 16ರ ವಯಸ್ಸಿನವರಲ್ಲಿ ಬಹಳ ಎದ್ದು ಕಂಡಿತು. ಅಂದರೆ ಕೊರತೆ ಇದ್ದದ್ದು ತಿಳಿವಳಿಕೆಯಲ್ಲಲ್ಲ. ಆ ಕ್ಷಣದ ಆವೇಗ, ಗೆಳೆಯರ ಮೆಚ್ಚುಗೆಯ ಸೆಳೆತ ತಿಳಿವಳಿಕೆಯನ್ನು ಹಿಂದಿಕ್ಕುತ್ತದೆ. ಇಂಥ ವಯಸ್ಸಿಗೆ ಉಪದೇಶವೊಂದೇ ಸಾಲದು.

ಹಾಗಾದರೆ ಕಾವಲು ಹೆಚ್ಚಿಸಬೇಕೆ? ಇಂದು ಎಷ್ಟೋ ಮನೆಗಳಲ್ಲಿ ಮಗನ ಮೊಬೈಲನ್ನು ರಾತ್ರಿ ತೆರೆದು ನೋಡಲಾಗುತ್ತದೆ. ಮಗಳು ಎಲ್ಲಿದ್ದಾಳೆಂಬುದನ್ನು ತಂದೆಯ ಫೋನು ತೋರಿಸುತ್ತಿರುತ್ತದೆ. ಸ್ವೀಡನ್ನಿನ ಓರೆಬ್ರೋ ವಿಶ್ವವಿದ್ಯಾಲಯದ ಹೋಕನ್ ಸ್ಟಾಟಿನ್ ಮತ್ತು ಮಾರ್ಗರೆಟ್ ಕೆರ್ 2000ದಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ದಾರಿ ತೋರುತ್ತದೆ. ಅವರು 14 ವರ್ಷದ 703 ಮಕ್ಕಳನ್ನೂ ಅವರ ಪೋಷಕರನ್ನೂ ವಿಚಾರಿಸಿದರು. ಮಕ್ಕಳ ದಿನಚರಿ, ಗೆಳೆತನ, ಓಡಾಟಗಳ ವಿಷಯ ಪೋಷಕರಿಗೆ ತಿಳಿಯುವುದು ಹೇಗೆ? ಕೇಳಿ ತಿಳಿಯುವುದರಿಂದಲೋ, ಕಟ್ಟುಪಾಡಿನಿಂದಲೋ, ಮಗು ತಾನಾಗಿ ಹೇಳುವುದರಿಂದಲೋ? ಉತ್ತರ ನಿಚ್ಚಳವಾಗಿತ್ತು. ಪೋಷಕರಿಗೆ ಗೊತ್ತಿದ್ದುದರಲ್ಲಿ ಹೆಚ್ಚಿನ ಪಾಲು ಮಗು ತಾನಾಗಿ ಬಂದು ಹೇಳಿದ್ದೇ ಆಗಿತ್ತು. ಮನೆಯಲ್ಲಿ ನಿಯಮಗಳೇ ಬೇಡವೆಂಬುದು ಇದರ ಅರ್ಥವಲ್ಲ. ಕಾವಲಿನಿಂದ ಮಗು ಎಲ್ಲಿದೆಯೆಂಬುದು ತಿಳಿದೀತು. ಮನಸ್ಸಿನಲ್ಲಿ ಏನಿದೆಯೆಂಬುದನ್ನು ಮಗುವೇ ಹೇಳಬೇಕು.

ಮಗು ಹೇಳುವುದನ್ನು ನಿಲ್ಲಿಸುವುದು ಯಾವಾಗ? ಇದೇ ಇಬ್ಬರು ಸಂಶೋಧಕರೂ ಸೇರಿದ್ದ ತಂಡವೊಂದು 2010ರಲ್ಲಿ ಈ ಪ್ರಶ್ನೆಯನ್ನು ಮುಂದುವರಿಸಿತು. ಮಗು ಏನನ್ನಾದರೂ ಹೇಳಿಕೊಂಡಾಗ ಪೋಷಕರು ಸಿಡಿದೆದ್ದರೆ, ಹಂಗಿಸಿದರೆ, ಮುಂದಿನ ಸಲ ಆ ಮಗು ಬಾಯಿ ಮುಚ್ಚಿಕೊಳ್ಳುತ್ತದೆ, ಮುಚ್ಚಿಡುವುದನ್ನು ಕಲಿಯುತ್ತದೆ. "ಇದಕ್ಕೇನಾ ನಿನ್ನನ್ನು ಇಷ್ಟು ಖರ್ಚು ಮಾಡಿ ಓದಿಸುತ್ತಿರುವುದು?" ಎಂಬ ಒಂದು ಮಾತು ಮುಂದಿನ ಹತ್ತು ಮಾತುಗಳ ಬಾಗಿಲನ್ನು ಮುಚ್ಚಬಲ್ಲದು.

ಭಾವನೆಗಳನ್ನು ನಿಭಾಯಿಸುವ ಬಗೆಯನ್ನು ದೀರ್ಘಕಾಲ ಅಧ್ಯಯನ ಮಾಡಿದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೇಮ್ಸ್ ಗ್ರಾಸ್ ಎರಡು ದಾರಿಗಳನ್ನು ಬೇರ್ಪಡಿಸಿ ತೋರಿಸಿದ್ದಾರೆ. ಒಂದು, ಎದುರಾದ ಸನ್ನಿವೇಶವನ್ನೇ ಬೇರೆ ದೃಷ್ಟಿಯಿಂದ ನೋಡಿ ಭಾವನೆಯ ಕಾವನ್ನು ತಗ್ಗಿಸಿಕೊಳ್ಳುವುದು. ಇನ್ನೊಂದು, ಹುಟ್ಟಿದ ಭಾವನೆಯನ್ನು ಮುಖದ ಮೇಲೆ ತೋರಗೊಡದೆ ಅದುಮಿಡುವುದು. ಅದುಮಿಟ್ಟವರ ಒಳಗಿನ ಸಂಕಟ ಅದರಿಂದ ಕಡಿಮೆಯಾಗುವುದಿಲ್ಲ. ಆಪ್ತ ಸಂಬಂಧಗಳು ಮಾತ್ರ ಸಡಿಲಗೊಳ್ಳುತ್ತವೆ. ಎದುರುತ್ತರ ಕೊಡದ, ಅಳದ, ಸಿಟ್ಟಾಗದ ಮಗುವನ್ನು "ಬಹಳ ಸಂಭಾವಿತ" ಎಂದು ಹೊಗಳುವ ಮನೆಗಳು ಇದನ್ನು ಗಮನಿಸಬೇಕು. ಮೌನವೆಲ್ಲವೂ ಸಂಯಮವಲ್ಲ. ಸಂಯಮದಲ್ಲಿ ಭಾವನೆಯ ಅರಿವಿದೆ. ಅದುಮಿಡುವುದರಲ್ಲಿ ಇರುವುದು ಭಯ.

ಈ ಕಲಿಕೆ ನಡೆಯುವುದು ಮನೆಯಲ್ಲೇ. 2007ರಲ್ಲಿ ಅಮಾಂಡಾ ಮಾರಿಸ್ ಮತ್ತು ಸಂಗಡಿಗರು ಕುಟುಂಬದ ಪ್ರಭಾವವನ್ನು ಮೂರಾಗಿ ವಿಂಗಡಿಸಿದರು. ಮಗು ಹಿರಿಯರನ್ನು ನೋಡಿ ಕಲಿಯುತ್ತದೆ. ಹಿರಿಯರು ತನ್ನ ಭಾವನೆಗೆ ಹೇಗೆ ಸ್ಪಂದಿಸುತ್ತಾರೆಂಬುದರಿಂದ ಕಲಿಯುತ್ತದೆ. ಮನೆಯ ಒಟ್ಟು ವಾತಾವರಣದಿಂದ ಕಲಿಯುತ್ತದೆ. ಗಂಡಹೆಂಡಿರ ನಡುವೆ ವಾರಗಟ್ಟಲೆ ಮಾತಿಲ್ಲದ ಮನೆಯಲ್ಲಿ ಮಗುವಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಅದು ಆಗಲೇ ಕಲಿತಿರುತ್ತದೆ.

ಪರಊರಿನ ಕುಟುಂಬಗಳಿಗೆ ಇಲ್ಲಿ ಒಂದು ಹೆಚ್ಚಿನ ಕಷ್ಟವಿದೆ. ಬೆಳಗಾವಿಯಲ್ಲೋ ಹುಬ್ಬಳ್ಳಿಯಲ್ಲೋ ಇದ್ದಿದ್ದರೆ ತಂದೆಗೆ ಹೇಳಲಾಗದ್ದನ್ನು ಹೇಳಿಕೊಳ್ಳಲು ಅಜ್ಜಿಯೊಬ್ಬಳಿರುತ್ತಿದ್ದಳು, ಸೋದರಮಾವನೊಬ್ಬನಿರುತ್ತಿದ್ದ. ಮಹಾನಗರದ ಎರಡು ಕೋಣೆಗಳ ಮನೆಯಲ್ಲಿ ಆ ನಡುವಿನ ಕಿವಿ ಇಲ್ಲ. ಮಗು ಶಾಲೆಯಲ್ಲಿ ಇಂಗ್ಲಿಷ್, ಗೆಳೆಯರೊಡನೆ ಹಿಂದಿ ಅಥವಾ ಮರಾಠಿ ಆಡುತ್ತದೆ. ಮನೆಯ ಕನ್ನಡ "ಊಟ ಆಯಿತಾ, ಓದಿದೆಯಾ" ಎಂಬಷ್ಟಕ್ಕೇ ನಿಲ್ಲುತ್ತದೆ. ಭಾಷೆ ಉಳಿಯಬೇಕೆಂದು ಹಂಬಲಿಸುವ ಕುಟುಂಬಗಳು ಆ ಭಾಷೆಯಲ್ಲಿ "ನನಗೆ ಭಯವಾಗುತ್ತಿದೆ" ಎನ್ನುವುದಕ್ಕೂ ಮಗುವಿಗೆ ಎಡೆ ಕೊಡಬೇಕು.

ಹಿರಿಯರ ಮನಸ್ಸಿನ ಆರೋಗ್ಯವನ್ನು ಮರೆತು ಮಕ್ಕಳ ಮಾತನ್ನಷ್ಟೇ ಆಡುವುದೂ ಸರಿಯಲ್ಲ. ಅಮೆರಿಕದಲ್ಲಿ ಮಿರ್ನಾ ವೈಸ್‌ಮನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಖಿನ್ನತೆಗೆ ಚಿಕಿತ್ಸೆ ಪಡೆದು ಮೂರು ತಿಂಗಳಲ್ಲಿ ಚೇತರಿಸಿಕೊಂಡ ತಾಯಂದಿರ ಮಕ್ಕಳಲ್ಲಿಯೂ ಮಾನಸಿಕ ತೊಂದರೆಗಳು ತಗ್ಗಿದ್ದು ಕಂಡುಬಂದಿತು. ತಾಯಿ ಚೇತರಿಸದ ಮನೆಗಳಲ್ಲಿ ಹಾಗಾಗಲಿಲ್ಲ. ಇಡೀ ಸಂಸಾರದ ಭಾರ ಹೊತ್ತ ಗೃಹಿಣಿಯೊಬ್ಬಳು "ನನಗೇನೂ ಆಗಿಲ್ಲ" ಎನ್ನುತ್ತ ದಿನ ತಳ್ಳುವುದು ತ್ಯಾಗವೆಂದು ಕರೆಯಿಸಿಕೊಳ್ಳಬಾರದು. ಆಕೆಗೆ ಸಿಗುವ ಚಿಕಿತ್ಸೆ ಮಗುವಿಗೂ ಸಲ್ಲುತ್ತದೆ.

ಇದು ಮನೆಯೊಳಗೇ ಮುಗಿಯುವ ಸಂಗತಿಯೂ ಅಲ್ಲ. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ ಶೇಕಡಾ 7.3ರಷ್ಟು ಮಂದಿಗೆ ಮಾನಸಿಕ ಅಸ್ವಸ್ಥತೆಯಿತ್ತು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ 2022ರಲ್ಲಿ ದಾಖಲಿಸಿದ ವಿದ್ಯಾರ್ಥಿಗಳ ಆತ್ಮಹತ್ಯೆಗಳು 13,044. ಪರಿಹಾರ ಅಸಾಧ್ಯವೇನಲ್ಲ. ಬಿಹಾರದ ನಳಂದಾ ಜಿಲ್ಲೆಯ 74 ಪ್ರೌಢಶಾಲೆಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತರಬೇತಿ ಪಡೆದ ಸಾಮಾನ್ಯ ಆಪ್ತಸಮಾಲೋಚಕರಿದ್ದ ಶಾಲೆಗಳ ವಾತಾವರಣ ಸುಧಾರಿಸಿತು. ಖಿನ್ನತೆಯ ಲಕ್ಷಣಗಳೂ ಪೀಡನೆಯೂ ಇಳಿದವು. ಅದೇ ಕೆಲಸವನ್ನು ಶಿಕ್ಷಕರ ಹೆಗಲಿಗೆ ಹೆಚ್ಚುವರಿಯಾಗಿ ಹೇರಿದ ಶಾಲೆಗಳಲ್ಲಿ ಅಂಥ ಫಲ ಕಾಣಲಿಲ್ಲ. ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ 17 ವರ್ಷದ ವಿದ್ಯಾರ್ಥಿನಿಯ ಸಾವಿನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2025ರ ಜುಲೈನಲ್ಲಿ, ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿಯೊಂದು ಶಿಕ್ಷಣ ಸಂಸ್ಥೆಯೂ ಅರ್ಹ ಆಪ್ತಸಮಾಲೋಚಕರೊಬ್ಬರನ್ನಾದರೂ ಹೊಂದಿರಬೇಕೆಂದು ನಿರ್ದೇಶಿಸಿತು. ಶುಲ್ಕದ ರಸೀದಿಯನ್ನು ಪರಿಶೀಲಿಸುವ ಪೋಷಕರು, ಆ ಸಮಾಲೋಚಕರು ಎಲ್ಲಿದ್ದಾರೆಂದು ಶಾಲೆಯ ಆಡಳಿತವನ್ನು ಕೇಳಲು ಹಿಂಜರಿಯಬೇಕಾಗಿಲ್ಲ. ತುರ್ತಿನಲ್ಲಿ ಸರ್ಕಾರದ ಟೆಲಿ ಮಾನಸ್ ಇದೆ. 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೂ ಮಾತನಾಡಬಹುದು.

ಕೊನೆಯದಾಗಿ, ಸಮಾಜದ ಕೈಯಲ್ಲೇ ಇರುವ ಒಂದು ಕೆಲಸ. ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿ ಬಂದಾಗ ಹಿರಿಯರಲ್ಲಿ, ನೆಂಟರಲ್ಲಿ, ದೂರದೂರಿನ ಪರಿಚಿತರಲ್ಲಿ ಕ್ಷಮೆ ಕೇಳುವ ಸಂಪ್ರದಾಯವಿದೆ. ನೂರಾರು ಮಂದಿಗೆ ಸಂದೇಶ ಕಳಿಸಿದ ತಂದೆ, ಪಕ್ಕದ ಕೋಣೆಯಲ್ಲಿರುವ ಹದಿನೈದರ ಮಗನ ಎದುರು ಕುಳಿತು, "ಅಂದು ನಿನ್ನ ಮಾತು ಪೂರ್ತಿ ಕೇಳದೆ ಕೂಗಾಡಿದೆ, ಕ್ಷಮಿಸಪ್ಪಾ" ಎಂದದ್ದುಂಟೆ? ಹಾಗೆ ಹೇಳುವುದರಿಂದ ಹಿರಿತನ ಕುಂದುವುದಿಲ್ಲ. ಜಗಳದ ನಂತರ ಸಂಬಂಧವನ್ನು ಮತ್ತೆ ಕೂಡಿಸಿಕೊಳ್ಳುವುದು ಹೇಗೆಂಬುದನ್ನು ಮಗು ಆ ದಿನ ಕಣ್ಣಾರೆ ಕಲಿಯುತ್ತದೆ. ಮರುದಿನವೇ ಎಲ್ಲವನ್ನೂ ಹೇಳಿಕೊಳ್ಳದಿರಬಹುದು. ಆದರೆ ಹೇಳಬೇಕೆನಿಸಿದ ದಿನ ಯಾರ ಬಳಿ ಹೋಗಬಹುದೆಂಬುದು ಅದಕ್ಕೆ ಗೊತ್ತಿರುತ್ತದೆ.

ಮುಂದಿನ ಪ್ರತಿಭಾ ಪುರಸ್ಕಾರ ಮುಗಿದ ಮೇಲೆ ಸಭಾಂಗಣದ ಕೊನೆಯ ಸಾಲಿನತ್ತ ಹಿರಿಯರೊಬ್ಬರಾದರೂ ನಡೆದು ಹೋಗಲಿ. ಅಂಕದ ವಿಷಯ ಎತ್ತದೆ, ಆ ಮಗುವಿನ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳಲಿ.