ಕೊಟ್ಟಿಗೆಯಲ್ಲಿ ಮೋಟಾರು

ಅಂಬಾಸಡರ್ ಮೋಟಾರಿನ ಅಗಲ ಸುಮಾರು ಐದೂವರೆ ಅಡಿ. ಉದ್ದ 14 ಅಡಿಗೆ ತುಸು ಹೆಚ್ಚು. ಮಸ್ಕಿಯ ನಮ್ಮ ಮನೆಯ ಹಿಂದಿನ ದನದ ಕೊಟ್ಟಿಗೆಯ ಅಗಲ 9 ಅಡಿ, ಉದ್ದ 17. ಎತ್ತುಗಳು ಹೋದ ಮೇಲೆ ಆ ಸ್ಥಳಕ್ಕೆ ಮೋಟಾರು ಬಂದು ನಿಂತಿತು. ಗೋದಲಿ ಮಾತ್ರ ಇದ್ದಲ್ಲಿಯೇ ಉಳಿದಿದೆ. ಅದರಲ್ಲೀಗ ಮೇವಿಗೆ ಬದಲಾಗಿ ಪಾನಾಗಳು, ಎಣ್ಣೆಯ ಡಬ್ಬಿಗಳು, ಸವೆದ ಪಿಸ್ಟನ್ನೊಂದು ಇವೆ. ಗೋಡೆಗೂ ಗಾಡಿಗೂ ನಡುವೆ ಉಳಿದ ಸಂದಿಯಲ್ಲಿ ಮನುಷ್ಯನು ಅಡ್ಡಡ್ಡಲಾಗಿಯೇ ನಡೆಯಬೇಕು. ಇಂಥ ಇಕ್ಕಟ್ಟಿನಲ್ಲಿ ಮನೆಯವನೇ ಮೋಟಾರನ್ನು ಬಿಚ್ಚಿ ಜೋಡಿಸುವುದು ವಿವೇಕವೇ ಎಂದು ಕೇಳುವವರಿದ್ದಾರೆ. ವಿವೇಕವೇ ಸರಿ ಎಂಬುದು ನನ್ನ ಉತ್ತರ. ಆದರೆ ಅದಕ್ಕೆ ಕೆಲವು ಷರತ್ತುಗಳುಂಟು.

ಈ ಗಾಡಿ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ವಂಶದ್ದು. ಕಲಕತ್ತೆಯ ಸಮೀಪದ ಉತ್ತರಪಾಡಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆ 1950ರ ದಶಕದ ಕೊನೆಯಿಂದ ಇದನ್ನು ತಯಾರಿಸುತ್ತ ಬಂದು, 2014ರ ಮೇ ತಿಂಗಳಲ್ಲಿ ನಿಲ್ಲಿಸಿತು. ನಮ್ಮದು 1489 ಸಿಸಿಯ ಹಳೆಯ ಪೆಟ್ರೋಲ್ ಎಂಜಿನ್ನು. 4 ಸಿಲಿಂಡರು, 8 ವಾಲ್ವು. ಬಾನೆಟ್ ಎತ್ತಿದರೆ ಸಾಕು, ಯಾವುದು ಎಲ್ಲಿದೆಯೆಂದು ಕಣ್ಣಿಗೆ ಕಾಣುತ್ತದೆ. ಈಗಿನ ಮೋಟಾರುಗಳು ತಮ್ಮ ಕಾಯಿಲೆಯನ್ನು ಗಣಕಯಂತ್ರಕ್ಕಲ್ಲದೆ ಬೇರೆ ಯಾರಿಗೂ ಹೇಳುವುದಿಲ್ಲ. ಇದು ಗಾಡಿ ಮಿಸ್ತ್ರಿಗೂ ಹೇಳುತ್ತದೆ, ಮೇಷ್ಟರಿಗೂ ಹೇಳುತ್ತದೆ. ಟ್ಯಾಪೆಟ್ ಸರಿಪಡಿಸುವ ಕೆಲಸವನ್ನೇ ನೋಡಿ. ವಾಲ್ವಿನ ತುದಿಗೂ ಅದನ್ನು ಒತ್ತುವ ತೋಳಿಗೂ ನಡುವೆ ಅಂಗುಲದ ಸಾವಿರದಲ್ಲಿ 15 ಭಾಗದಷ್ಟು ತೆರಪಿರಬೇಕು. ಯಾವ ವಾಲ್ವನ್ನು ಯಾವಾಗ ಮುಟ್ಟಬೇಕು? 8ನೆಯದು ಪೂರ್ತಿ ತೆರೆದು ನಿಂತಾಗ 1ನೆಯದನ್ನು, 6ನೆಯದು ತೆರೆದಾಗ 3ನೆಯದನ್ನು. ಎರಡರ ಮೊತ್ತ ಯಾವಾಗಲೂ 9. ಮಗ್ಗಿ ಬಲ್ಲ ಹುಡುಗನಿಗೆ ಇಷ್ಟು ಸಾಕು.

ಹುಡುಗನ ಮಾತು ಬಂದದ್ದರಿಂದ ಹೇಳುತ್ತೇನೆ. ನಮ್ಮ ಓಣಿಯ ಒಬ್ಬ ಬಾಲಕ ಹತ್ತನೆಯ ತರಗತಿ ಮುಗಿಸಿದಂದಿನಿಂದ ನನ್ನ ಕೊಟ್ಟಿಗೆಗೆ ತಪ್ಪದೆ ಬರುತ್ತಿದ್ದಾನೆ. ಗಾಡಿಯ ಕೆಳಗೆ ಹೋಗುವವನು ಅವನೇ. ನನ್ನ ಹೊಟ್ಟೆಗೆ ಅಲ್ಲಿ ಪ್ರವೇಶವಿಲ್ಲ. ಒಂದು ಟನ್ನಿಗೂ ಮಿಕ್ಕ ಭಾರದ ಕೆಳಗೆ ಮತ್ತೊಬ್ಬರ ಮಗ ಮಲಗಿರುವಾಗ ನಮ್ಮ ಪ್ರಯೋಗಶೀಲತೆಗೆ ಒಂದು ಮಿತಿ ತಾನಾಗಿಯೇ ಬರುತ್ತದೆ.

ನಮ್ಮದು ಎರೆಭೂಮಿ. ನೀರು ಕುಡಿದರೆ ಉಬ್ಬುತ್ತದೆ, ಬೇಸಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಮೇಲೆ ಮರಂ ಹಾಕಿ ತುಳಿಸಿದರೂ ಒಳಗಿನ ಗುಣ ಬದಲಾಗದು. ಇಂಥ ನೆಲದ ಮೇಲೆ ಇಟ್ಟ ಜಾಕು ನೆಟ್ಟಗೆ ನಿಂತಂತೆ ಕಂಡರೂ ಒಂದು ಕಡೆಗೆ ಮೆಲ್ಲನೆ ಕುಸಿಯುತ್ತಿರುತ್ತದೆ. ಆದ್ದರಿಂದ ಅದರ ಕೆಳಗೆ ಅಗಲವಾದ ದಪ್ಪ ಹಲಗೆ ಬೇಕು. ಗಾಡಿ ಮೇಲೆದ್ದೊಡನೆ ಅದರ ಭಾರವನ್ನು ಜಾಕಿನಿಂದ ಇಳಿಸಿ ಬೇರೆ ಆಧಾರಕ್ಕೆ ಕೊಡಬೇಕು. ಹಲವರು ಇಟ್ಟಿಗೆ ಪೇರಿಸುತ್ತಾರೆ, ಶಹಾಬಾದ್ ಫರಸಿಯ ತುಂಡುಗಳನ್ನು ಇಡುತ್ತಾರೆ. ಇಟ್ಟಿಗೆ ಪುಡಿಯಾಗುತ್ತದೆ, ಫರಸಿ ಮುನ್ಸೂಚನೆಯಿಲ್ಲದೆ ಸೀಳುತ್ತದೆ. ಬಂಡಿಯ ಗಾಲಿಗೆ ನಮ್ಮ ಹಿರಿಯರು ಜಾಲಿಯನ್ನು ಆರಿಸಿದ್ದು ಸುಮ್ಮನೆ ಅಲ್ಲ. ನಾನು ಆ ಮರದ ನಾಲ್ಕು ಕೊರಡುಗಳನ್ನು ಚಪ್ಪಟೆಯಾಗಿ ಕೊಯ್ಯಿಸಿ ಇಟ್ಟುಕೊಂಡಿದ್ದೇನೆ. ಲಿಂಗಸುಗೂರಿನ ಒಬ್ಬ ವೃದ್ಧ ಮಿಸ್ತ್ರಿ ಹೇಳಿದ ಮಾತು ಬೇರೆ ಇದೆ: "ಸರ, ಕೆಳಗ ಹೋಗೋಕಿಂತ ಮುಂಚೆ ಗಾಡೀನ ಒಮ್ಮೆ ಜೋರಾಗಿ ಅಳ್ಳಾಡಿಸಿ ನೋಡ್ರಿ. ಬೀಳೋದಿದ್ರ ಆಗಲೇ ಬೀಳಲಿ." ಈ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ಮಾತನ್ನು ನಾನು ಯಾವ ಪುಸ್ತಕದಲ್ಲಿಯೂ ಕಂಡಿಲ್ಲ.

ಎರಡನೆಯದು ಗಾಳಿ. ಚಿನ್ನವನ್ನು ಅರಸುತ್ತ ಬಂದ ಎಂಜಿನಿಯರ್ ಬೀಡನ್ 1915ರಲ್ಲಿ ಅಶೋಕನ ಹೆಸರನ್ನೇ ಹೊತ್ತ ಶಾಸನವನ್ನು ಕಂಡದ್ದು ನಮ್ಮ ಮಸ್ಕಿಯಲ್ಲಿ. ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿ ಇಂದಿಗೂ ನಡೆಯುತ್ತಿದೆ. ನೆಲದಾಳಕ್ಕೆ ಇಳಿಯುವವರಿಗೆ ಗಾಳಿಯ ಬೆಲೆಯನ್ನು ಹೇಳಿಕೊಡಬೇಕಾಗಿಲ್ಲ. ವಿಜ್ಞಾನಿ ಹಾಲ್ಡೇನ್ ನೀಡಿದ ಸಲಹೆಯಂತೆ ಬ್ರಿಟನ್ನಿನ ಕಲ್ಲಿದ್ದಲ ಗಣಿಗಳಲ್ಲಿ ಕ್ಯಾನರಿ ಎಂಬ ಪುಟ್ಟ ಹಕ್ಕಿಯನ್ನು ಒಯ್ಯುತ್ತಿದ್ದರು; 1986ರವರೆಗೂ ಆ ಪದ್ಧತಿ ಉಳಿದಿತ್ತು. ಇಂಗಾಲದ ಮಾನಾಕ್ಸೈಡಿಗೆ ಮನುಷ್ಯನಿಗಿಂತ ಮೊದಲು ಹಕ್ಕಿ ಸೋಲುತ್ತಿತ್ತು. ಮೋಟಾರಿನ ಹೊಗೆಯಲ್ಲಿರುವುದೂ ಅದೇ ಅನಿಲ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನನ್ನು ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾದ ಬಲದಿಂದ ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ಮಂಕು. ಹೊರಗೆ ಹೋಗಬೇಕೆಂಬ ಬುದ್ಧಿಯೇ ಆ ವೇಳೆಗೆ ಹುಟ್ಟುವುದಿಲ್ಲ. ಬಾಗಿಲು ತೆರೆದಿದ್ದರೆ ಸಾಕೆಂದು ತಿಳಿಯಬಾರದು. ಎಂಜಿನ್ ಚಾಲೂ ಮಾಡಿ ನೋಡಬೇಕಾದರೆ ನಾವು ಗಾಡಿಯನ್ನು ಅಂಗಳಕ್ಕೆ ತಳ್ಳುತ್ತೇವೆ. ಅಂಬಾಸಡರನ್ನು ತಳ್ಳಲು ನಾಲ್ವರು ಬೇಕು. ಓಣಿಯಲ್ಲಿ ನಾಲ್ವರು ಸಿಗದ ದಿನ ಆ ಕೆಲಸವಿಲ್ಲ.

ನೆಲದಲ್ಲಿ ಗುಂಡಿ ತೋಡಿಸಿದರೆ ಕೆಳಗಿನ ಕೆಲಸ ಸುಲಭವಾಗುತ್ತದೆಂದು ಬಂಧುಗಳು ಸೂಚಿಸಿದರು. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದದ್ದು. ತಗ್ಗನ್ನು ಹುಡುಕಿಕೊಂಡು ಹೋಗಿ ಕೂಡುತ್ತದೆ. ನಮ್ಮ ಜಿಲ್ಲೆಯ ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ ಆವಿಗೆ ಬರವಿಲ್ಲ. ಒಂದು ಕಿಡಿ ಬಿದ್ದರೆ ಗುಂಡಿಯೇ ಒಲೆ. ಆ ಸಲಹೆಯನ್ನು ಅಲ್ಲಿಗೇ ಬಿಟ್ಟೆವು.

ಬಿಡಿಭಾಗಗಳ ಪಾಡು ಬೇರೆ. ಕಾರ್ಖಾನೆ ನಿಂತ ಮೇಲೆ ಅವು ವರ್ಷದಿಂದ ವರ್ಷಕ್ಕೆ ದುರ್ಲಭವಾಗುತ್ತಿವೆ. ಆದರೆ ಸಿಂಧನೂರು ಹತ್ತಿರವಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದು ಆ ಸೀಮೆಯೆಲ್ಲ ಭತ್ತದ ಗದ್ದೆಯಾಯಿತು. ಭತ್ತದ ಹಿಂದೆ ಅಕ್ಕಿ ಗಿರಣಿ ಬಂದವು, ಟ್ರ್ಯಾಕ್ಟರುಗಳು ಬಂದವು, ಅವುಗಳ ಹಿಂದೆ ಲೇತ್ ಯಂತ್ರ ಬಲ್ಲ ಕೈಗಳು ಬಂದವು. ಟ್ರ್ಯಾಕ್ಟರಿಗೆ ಬುಶ್ ಕಡೆಯುವ ಕೈ ಅಂಬಾಸಡರಿಗೂ ಕಡೆಯಬಲ್ಲದು. ಅಳತೆಯನ್ನು ಮಾತ್ರ ನಾವೇ ಒಯ್ಯಬೇಕು. ಆ ಅಳತೆಯನ್ನು ಈಗ ಹುಡುಗನೇ ತೆಗೆಯುತ್ತಾನೆ, ಮೂರು ಸಲ ತೆಗೆದು ಮೂರೂ ಒಂದೇ ಬಂದರೆ ಮಾತ್ರ ಚೀಟಿಯಲ್ಲಿ ಬರೆಯುತ್ತಾನೆ.

ಕಳೆದ ವಾರ ತಂದ ಬುಶ್ಶುಗಳು ಇನ್ನೂ ಗೋದಲಿಯಲ್ಲಿಯೇ ಇವೆ. "ಕಾಕಾ, ಇವತ್ತ ಕೂಡಸೋಣೇನ್ರಿ?" ಎಂದು ಹುಡುಗ ದಿನವೂ ಕೇಳುತ್ತಾನೆ. ಮಳೆ ಬಿದ್ದು ಕೊಟ್ಟಿಗೆಯ ನೆಲ ಮೆತ್ತಗಾಗಿದೆ. ಅದು ಒಣಗಿ ಗಟ್ಟಿಯಾಗುವವರೆಗೆ ಅವನನ್ನು ಗಾಡಿಯ ಕೆಳಗೆ ಬಿಡುವುದಿಲ್ಲವೆಂದು ಅವನ ತಾಯಿಗೆ ಹೇಳಿ ಕಳುಹಿಸಿದ್ದೇನೆ.