ವಾಂಗಿಬಾತ್ ಯಾವ ಊರಿನದು?

ಮೈಸೂರಿನ ಬ್ರಾಹ್ಮಣರ ಮನೆಗಳಲ್ಲಿ ತಿಥಿ ಅಡುಗೆ ಮಾಡೋದನ್ನ ನೋಡಿದ್ದರೆ ಒಂದು ವಿಷಯ ಗಮನಿಸಿರ್ತೀರಿ. ಅವತ್ತು ಟೊಮೆಟೊ ಅಡುಗೆಮನೆ ಒಳಗೆ ಬರೋ ಹಾಗಿಲ್ಲ. ಆಲೂಗಡ್ಡೆ, ಎಲೆಕೋಸು ಇಲ್ಲ. ಮೆಣಸಿನಕಾಯಿಯೂ ಇಲ್ಲ, ಖಾರಕ್ಕೆ ಕರಿಮೆಣಸೇ ಗತಿ. ಪಲ್ಯಕ್ಕೆ ಬಾಳೆಕಾಯಿ, ಹಾಗಲಕಾಯಿ, ಸುವರ್ಣಗೆಡ್ಡೆ. ಯಾಕೆ ಅಂತ ಕೇಳಿದರೆ ಮನೆಯ ಹಿರಿಯರು "ಮೊದಲಿಂದ ಹಾಗೇ" ಅಂದು ಸುಮ್ಮನಾಗ್ತಾರೆ.

ಅವರು ಹೇಳೋದು ನಿಜ. ಟೊಮೆಟೊ, ಆಲೂಗಡ್ಡೆ, ಮೆಣಸಿನಕಾಯಿ ಮೂರೂ ಅಮೆರಿಕ ಖಂಡದ ಬೆಳೆಗಳು. 1498ರಲ್ಲಿ ಪೋರ್ಚುಗೀಸರ ಹಡಗು ಕೇರಳದ ಕರಾವಳಿ ಮುಟ್ಟಿದ ಮೇಲೆಯೇ ಇವು ಈ ಕಡೆ ಬಂದಿದ್ದು. ಎಲೆಕೋಸು ಯುರೋಪಿನದು. ಅಂದರೆ ಪಿತೃಗಳಿಗೆ ಬಡಿಸೋ ಎಲೆ ಮೇಲೆ ಐನೂರು ವರ್ಷ ಹಿಂದಿನ ಅಡುಗೆ ಇನ್ನೂ ಉಳಕೊಂಡಿದೆ. ಮಿಕ್ಕ 364 ದಿನ ನಾವು ಉಣ್ಣೋದು ಹೊರಗಿಂದ ಬಂದ ಬೆಳೆ, ಹೊರಗಿಂದ ಬಂದವರ ಅಡುಗೆ. ಹಾಗಿದ್ದರೆ "ಮೈಸೂರು ರುಚಿ" ಅನ್ನೋದು ಎಲ್ಲಿಂದ ಬಂತು? ಮೂರು ತಿಂಡಿ ಇಟ್ಟುಕೊಂಡು ನೋಡೋಣ.

ಮೊದಲನೇದು ಪುಳಿಯೋಗರೆ. 12ನೇ ಶತಮಾನದಲ್ಲಿ ರಾಮಾನುಜಾಚಾರ್ಯರು ತಮಿಳು ನಾಡಿಂದ ಬಂದು ಮೇಲುಕೋಟೆಯಲ್ಲಿ ನೆಲೆಸಿದರು. ಮುಂದೆ ಶ್ರೀವೈಷ್ಣವ ಕುಟುಂಬಗಳು ಈ ಸೀಮೆಯಲ್ಲಿ ಬೇರೂರಿದವು. ಮಂಡ್ಯಂ, ಹೆಬ್ಬಾರ್ ಅಯ್ಯಂಗಾರರ ಮನೆಗಳಲ್ಲಿ ಇವತ್ತಿಗೂ ಕನ್ನಡ ಬೆರೆತ ತಮಿಳು ಕೇಳಿಸುತ್ತೆ. ಅವರ ಜೊತೆ ದೇವಸ್ಥಾನದ ಹುಳಿಯನ್ನವೂ ಬಂತು. ತಮಿಳುನಾಡಿನ ದೇವಸ್ಥಾನಗಳಲ್ಲಿ ಅದರ ರುಚಿ ನಿಂತಿರೋದು ಹುಣಸೆಹಣ್ಣು, ಎಳ್ಳೆಣ್ಣೆ, ಇಂಗು, ಮೆಂತ್ಯದ ಮೇಲೆ. ಮೈಸೂರು ಕಡೆಯ ಗೊಜ್ಜಿಗೆ ಬಂದರೆ ಇನ್ನೆರಡು ಸೇರಿಕೊಳ್ಳುತ್ತೆ: ಧಾರಾಳವಾಗಿ ಬೆಲ್ಲ, ಜೊತೆಗೆ ತುರಿದ ಕೊಬ್ಬರಿ.

ಯಾಕೆ ಇವೆರಡೇ? ಕೈಗೆ ಸಿಕ್ಕಿದ್ದು ಇವು. ಕಾವೇರಿ ಬಯಲಿನಲ್ಲಿ ಕಬ್ಬು ಹಳೆಯ ಬೆಳೆ. 1932ರ ಹೊತ್ತಿಗೆ ಕನ್ನಂಬಾಡಿ ಕಟ್ಟೆ ಮುಗಿದು ನಾಲೆಯಲ್ಲಿ ನೀರು ಹರಿದ ಮೇಲೆ ಮಂಡ್ಯದ ಸುತ್ತ ಕಬ್ಬಿನ ಗದ್ದೆ ಇನ್ನೂ ಹಬ್ಬಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಬಂತು, ಆದರೂ ಆಲೆಮನೆಗಳು ನಿಲ್ಲಲಿಲ್ಲ. ಕೊಬ್ಬರಿಗೆ ಮೇಲುಗಡೆ ತಿಪಟೂರು ಇದ್ದೇ ಇದೆ. ಹುಳಿಯನ್ನ ಮಾಡೋ ಕೈ ತಮಿಳಿನದು, ಅದರ ಸಿಹಿ ಮಾತ್ರ ಈ ಮಣ್ಣಿನದು.

ಎರಡನೇದು ವಾಂಗಿಬಾತ್. ಹೆಸರೂ ಮರಾಠಿ, ಅಡುಗೆಯ ಮೂಲವೂ ಮರಾಠಿ. 17ನೇ ಶತಮಾನದಲ್ಲಿ ಮರಾಠ ಸರದಾರ ಶಹಾಜಿ ಭೋಸಲೆ ಬೆಂಗಳೂರಿನಲ್ಲಿ ನೆಲೆಸಿದ್ದ. ಮರಾಠಿ ಮನೆಮಾತಿನ ಅಧಿಕಾರಿಗಳು, ಲೆಕ್ಕ ಬರೆಯೋರು ಮೈಸೂರು ಸೀಮೆಯಲ್ಲಿ ತಲೆಮಾರುಗಟ್ಟಲೆ ಕೆಲಸ ಮಾಡಿದರು. ಮಹಾರಾಷ್ಟ್ರದಲ್ಲಿ ಇವತ್ತಿಗೂ ಗೋಡಾ ಮಸಾಲೆ ಹಾಕಿ ಬದನೆಕಾಯಿ ಅನ್ನ ಮಾಡ್ತಾರೆ. ಇಲ್ಲಿ ಪುಡಿಯೇ ಬೇರೆ: ಕಡಲೆಬೇಳೆ, ಉದ್ದಿನಬೇಳೆ, ಧನಿಯ, ಬ್ಯಾಡಗಿ ಮೆಣಸಿನಕಾಯಿ, ಚಕ್ಕೆ, ಲವಂಗ, ಕೊಬ್ಬರಿ. ಬದನೆಯೂ ಬೇರೆ. ಮೈಸೂರಿನವರು ವಾಂಗಿಬಾತಿಗೆ ಹುಡುಕೋದು ಹಸಿರು ಬದನೆಕಾಯಿ. ಅದರಲ್ಲಿ ಹೆಸರುವಾಸಿಯಾದದ್ದು ಈರನಗೆರೆ ಬದನೆ. ಈರನಗೆರೆ ದೂರದ ಹಳ್ಳಿಯಲ್ಲ, ಮೈಸೂರು ನಗರದೊಳಗಿನ ಬಡಾವಣೆ. ಈಗ ಅಲ್ಲೆಲ್ಲ ಮನೆಗಳು. ಬದನೆ ಸುತ್ತಲ ಹಳ್ಳಿಗಳಿಂದ ಬರಬೇಕು.

ಮೂರನೇದು ಮೊನ್ನೆ ಮೊನ್ನೆಯದು, ಮೊಮೊ. 1959ರಲ್ಲಿ ದಲೈ ಲಾಮಾ ಟಿಬೆಟ್ ಬಿಟ್ಟು ಭಾರತಕ್ಕೆ ಬಂದರು. ಅವರ ಹಿಂದೆ ಬಂದ ಸಾವಿರಾರು ನಿರಾಶ್ರಿತರಿಗೆ ಅಂದಿನ ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಜಮೀನು ಕೊಟ್ಟಿತು. ಮೈಸೂರಿನಿಂದ ಸುಮಾರು 80 ಕಿಲೋಮೀಟರ್. ಅವರ ಊರಿನ ಊಟ ಅಂದರೆ ಬಾರ್ಲಿ ಹುರಿದು ಬೀಸಿದ ತ್ಸಾಂಪಾ ಹಿಟ್ಟು, ಯಾಕ್ ಮಾಂಸ, ಉಪ್ಪು ಬೆಣ್ಣೆ ಹಾಕಿದ ಚಹಾ. ಬೈಲಕುಪ್ಪೆಯ ಸೆಖೆಯಲ್ಲಿ ಯಾಕ್ ಬದುಕಲ್ಲ. ಬಾರ್ಲಿ ಈ ಭಾಗದ ಬೆಳೆಯಲ್ಲ. ಕಾಡು ಕಡಿದು, ಆನೆಗಳ ಕಾಟ ತಡೆದುಕೊಂಡು ಅವರು ಬೆಳೆದದ್ದು ಮುಸುಕಿನ ಜೋಳ. ಚಹಾಕ್ಕೆ ಹಸುವಿನ ಬೆಣ್ಣೆ ಬಂತು. ಮಾಂಸದ ಮೊಮೊ ಜೊತೆ ಎಲೆಕೋಸು, ಕ್ಯಾರೆಟ್ ತುಂಬಿದ ಮೊಮೊ ಹುಟ್ಟಿತು. ಇವತ್ತು ಮೈಸೂರಿನ ಕಾಲೇಜು ಹುಡುಗರ ಸಾಯಂಕಾಲದ ತಿಂಡಿ ಅದು.

ಆದರೆ ನನ್ನ ಲೆಕ್ಕದಲ್ಲಿ ಮೊಮೊ ಇನ್ನೂ ಮೈಸೂರಿನದಾಗಿಲ್ಲ. ಅದನ್ನ ಮಾಡೋರು ನಮ್ಮೋರೇ. ಬೈಲಕುಪ್ಪೆಯಲ್ಲೇ ಹುಟ್ಟಿ ಬೆಳೆದ ತಲೆಮಾರು ಬಂದಾಗಿದೆ. ಆದರೆ ಮೈದಾ, ಎಲೆಕೋಸು ಎಲ್ಲಾ ಊರಲ್ಲೂ ಒಂದೇ, ಹಾಗಾಗಿ ದೆಹಲಿಯ ಮೊಮೊಗೂ ನಮ್ಮ ಮೊಮೊಗೂ ಅಂಥ ವ್ಯತ್ಯಾಸ ಇಲ್ಲ. ಪುಳಿಯೋಗರೆ, ವಾಂಗಿಬಾತ್ ಹಾಗಲ್ಲ. ಇಲ್ಲಿನ ಬೆಲ್ಲ ತೆಗೆದರೆ, ಇಲ್ಲಿನ ಬದನೆ ತೆಗೆದರೆ ಅವು ಬೇರೆಯೇ ತಿಂಡಿ. ಹೊರಗಿಂದ ಬಂದ ಅಡುಗೆ ಈ ಊರಿನದಾಗೋದು ಅದರ ರುಚಿ ಈ ಊರಿನ ಸಂತೆಯ ಮೇಲೆ ನಿಂತಾಗ.

"ರಾಗಿ ಮುದ್ದೆಯಾದರೂ ಅಪ್ಪಟ ನಮ್ಮದಲ್ಲವಾ?" ಅಂತೀರೇನೋ. ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ಪ್ರದೇಶ. ಸಾವಿರಾರು ವರ್ಷಗಳ ಹಿಂದೆ ಬಂದು ನಮ್ಮ ಕೆಮ್ಮಣ್ಣು ಹೊಲಕ್ಕೆ, ಕಡಿಮೆ ಮಳೆಗೆ ಒಗ್ಗಿಕೊಂಡಿತು. ಹಳೆಯ ವಲಸೆ ಅಷ್ಟೇ.

ಹಾಗಾಗಿ "ಹೊರಗಿನವರ ಊಟ ಬಂದು ನಮ್ಮ ಊಟ ಹಾಳಾಯ್ತು" ಅನ್ನೋ ಮಾತು ನನಗೆ ಒಪ್ಪಿಗೆಯಿಲ್ಲ. ಮೈಸೂರಿನ ಅಡುಗೆ ಬೆಳೆದಿದ್ದೇ ಬಂದವರಿಂದ. ಅಪಾಯ ಇರೋದು ಇನ್ನೊಂದು ಕಡೆ. ನಂಜನಗೂಡು ರಸಬಾಳೆಯನ್ನೇ ನೋಡಿ. ದೇವರಸನಹಳ್ಳಿ ಸುತ್ತಲ ಮಣ್ಣಿನಲ್ಲಿ ಬೆಳೆದರೇ ಅದಕ್ಕೆ ಆ ಪರಿಮಳ. ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಇದೆ. ಆದರೂ ಪನಾಮ ಸೊರಗು ರೋಗಕ್ಕೆ ತೋಟಗಳು ಹೋಗಿ, ಬೆಳೆಯೋ ರೈತರು ತುಂಬಾ ಕಡಿಮೆಯಾದರು. ಈರನಗೆರೆ ಬದನೆಯ ಹೊಲಗಳು ಸೈಟ್ ಆದವು. ಅಡುಗೆಯವರು ಯಾವ ಊರಿಂದಾದರೂ ಬರಬಹುದು, ಈ ಬೆಳೆಗಳಿಗೆ ಇರೋದು ಇದೊಂದೇ ಊರು.

ಮುಂದಿನ ಸಲ ದೇವರಾಜ ಮಾರುಕಟ್ಟೆಗೆ ಹೋದಾಗ ಈರನಗೆರೆ ಬದನೆ ಇದೆಯಾ, ರಸಬಾಳೆ ಬಂದಿದೆಯಾ ಅಂತ ಬಾಯಿಬಿಟ್ಟು ಕೇಳಿ. ಎರಡು ರೂಪಾಯಿ ಜಾಸ್ತಿಯಾದರೂ ತಗೊಳ್ಳಿ. ಕೇಳೋರಿದ್ದರೆ ಮಾರೋರು ತರಿಸ್ತಾರೆ, ಮಾರೋರಿದ್ದರೆ ರೈತರು ಬೆಳೀತಾರೆ.