ಆರೋಪ ಬೇರೆ, ಅಪರಾಧ ಬೇರೆ



ಮದ್ಯದಂತೆ ಗಾಂಜಾ, ನಶೆಯ ಮಾತ್ರೆಗಳೂ ಹರಾಮ್. ಇದರಲ್ಲಿ ರಾಜಿಯಿಲ್ಲ. ಆದರೆ ಚಳ್ಳಕೆರೆಯಲ್ಲಾಗಲಿ, ಮೊಳಕಾಲ್ಮೂರಿನಲ್ಲಾಗಲಿ ಪೊಲೀಸರು ಒಬ್ಬ ಹುಡುಗನನ್ನು ಕರೆದೊಯ್ದರೆ, ಕೋರ್ಟಿಗಿಂತ ಮೊದಲು ನಾವೇ ತೀರ್ಪು ಕೊಟ್ಟುಬಿಡುತ್ತೇವೆ. ಅವನ ತಾಯಿಗೆ ಸಲಾಂ ಹೇಳುವುದನ್ನೂ ಬಿಡುತ್ತೇವೆ.

ಪ್ರವಾದಿ ಯೂಸುಫ್(ಅ)ರು ತಪ್ಪಿಲ್ಲದೆ ಹಲವು ವರ್ಷ ಸೆರೆಯಲ್ಲಿದ್ದರು. ಅರಸನ ಕರೆ ಬಂದಾಗಲೂ, ಮೊದಲು ತಮ್ಮ ಮೇಲಿನ ಆರೋಪದ ವಿಚಾರಣೆಯಾಗಲಿ ಎಂದರು. ವಿಚಾರಣೆ ಆರೋಪಿಯ ಹಕ್ಕು.

ಮಾದಕವಸ್ತು ತಡೆ ಕಾಯ್ದೆಯ 37ನೇ ಕಲಮು ಬಿಗಿಯಾದದ್ದು. ವಾಣಿಜ್ಯ ಪ್ರಮಾಣವಿದ್ದರೆ, ಅಂದರೆ ಗಾಂಜಾ 20 ಕಿಲೋ ಮೀರಿದ್ದರೆ, ಆರೋಪಿ ತಪ್ಪಿತಸ್ಥನಲ್ಲವೆಂದು ನಂಬಲು ಕಾರಣವಿರಬೇಕು. ಹೊರಬಂದು ಮತ್ತೆ ಅಪರಾಧ ಮಾಡಲಾರನೆಂದೂ ಕೋರ್ಟಿಗೆ ಅನಿಸಬೇಕು. ಆಗ ಮಾತ್ರ ಜಾಮೀನು. ಆದರೂ ದೆಹಲಿಯ ಗಾಂಜಾ ಪ್ರಕರಣವೊಂದರಲ್ಲಿ ಏಳು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದ ಆರೋಪಿಗೆ ಸುಪ್ರೀಂ ಕೋರ್ಟು 2023ರ ಮಾರ್ಚ್ 28ರಂದು ಜಾಮೀನು ನೀಡಿತು. ವಿಚಾರಣೆ ಅತಿಯಾಗಿ ತಡವಾದರೆ ಜಾಮೀನಿಗೆ ಈ ಕಲಮು ಅಡ್ಡಿಯಾಗದು ಎಂದಿತು. ಜಾಮೀನೆಂದರೆ ಖುಲಾಸೆಯಲ್ಲ, ಕೇಸು ನಡೆಯುತ್ತಲೇ ಇರುತ್ತದೆ.

ಹಸಿದವನಿಗೆ ಉಣಿಸಿ, ರೋಗಿಯನ್ನು ಕಾಣಿರಿ, ಸೆರೆಯಾಳನ್ನು ಬಿಡಿಸಿ ಎಂಬುದು ಪ್ರವಾದಿ(ಸ)ರ ಆದೇಶ. ನಾವು ಮಾಡಬಹುದಾದದ್ದಿಷ್ಟು: ಆ ಮನೆಗೆ ಹೋಗೋಣ. ಮಕ್ಕಳ ಶಾಲೆ ನಿಲ್ಲದಂತೆ ನೋಡೋಣ. ಸೆರೆಯಲ್ಲಿರುವವರಿಗೆ ಸರ್ಕಾರದ ಉಚಿತ ವಕೀಲರಿದ್ದಾರೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಬರೆದುಕೊಡೋಣ, ಇಲ್ಲವೇ 15100ಕ್ಕೆ ಕರೆ ಮಾಡೋಣ. ನಮ್ಮ ಮಕ್ಕಳನ್ನು ನಶೆಯಿಂದ ಕಾಯೋಣ.

ಅಲ್ಲಾಹನು ನಮಗೆ ನ್ಯಾಯದ ಮೇಲೆ ನಿಲ್ಲುವ ಬಲ ಕೊಡಲಿ. ಆಮೀನ್.